ಅಲ್ಲಿಯ ಚಂದ್ರ ತಲೆಕೆಳಗೆ: ದೂರದೂರದ ಬಂಧುಗಳ ಜೊತೆ ಆಕಾಶ ನೋಡುವ ಬಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನನಗೆ ಆಕಾಶ ನೋಡುವ ಹುಚ್ಚು. ಅಣ್ಣ ಒಂದು ದೇಶದಲ್ಲಿ, ಚಿಕ್ಕಮ್ಮನ ಮಕ್ಕಳು ಇನ್ನೊಂದರಲ್ಲಿ, ಅತ್ತೆ ಮತ್ತೆಲ್ಲೋ. ಫೋನ್ ಮಾಡಿದರೆ 'ಹೇಗಿದ್ದೀರಿ', 'ಚೆನ್ನಾಗಿದ್ದೀವಿ' ಆದ ಮೇಲೆ ಮಾತೇ ಮುಗಿದುಹೋಗುತ್ತದೆ. ಹುಚ್ಚನ್ನೂ ಬಳಗವನ್ನೂ ಒಂದೆಡೆ ಸೇರಿಸಬಹುದೇ?" ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಯಾವ ಟೆಲಿಸ್ಕೋಪ್ ಕೊಳ್ಳಲಿ?"

ಮೊದಲನೆಯದಕ್ಕೆ ಉತ್ತರ, ಧಾರಾಳವಾಗಿ ಸೇರಿಸಬಹುದು. ಎರಡನೆಯದಕ್ಕೆ, ಸದ್ಯಕ್ಕೆ ಯಾವುದೂ ಬೇಡ. ಆ ವಿಷಯ ಕೊನೆಗೆ ಬರುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. "ನಾವೆಲ್ಲ ಎಲ್ಲಿದ್ದರೂ ಒಂದೇ ಚಂದ್ರನನ್ನು ನೋಡುತ್ತೇವೆ" ಎನ್ನುವುದು ಕೇಳಲು ಚಂದ. ಆದರೆ ಹಾಗಂದಮೇಲೆ "ಹೌದಲ್ವಾ" ಅನ್ನುವುದು ಬಿಟ್ಟು ಎದುರಿನವರಿಗೆ ಹೇಳಲು ಏನೂ ಉಳಿಯುವುದಿಲ್ಲ. ನಿಮಗೆ ಕಂಡದ್ದಕ್ಕೂ ಅವರಿಗೆ ಕಂಡದ್ದಕ್ಕೂ ತಾಳೆಯಾಗದಿದ್ದಾಗಲೇ ಮಾತು ಹುಟ್ಟುವುದು. "ನಿನಗೆ ಬಲಗಡೆ ಬೆಳಗಿದೆಯಾ? ನನಗೆ ಎಡಗಡೆ!" ಅಂದ ಕೂಡಲೇ ಇಬ್ಬರೂ ಕಿವಿ ನಿಮಿರಿಸುತ್ತಾರೆ. ಮುಂದಿನ ಹಂತಗಳೆಲ್ಲ ಆ ವ್ಯತ್ಯಾಸವನ್ನು ಹುಡುಕಿ ಹಿಡಿಯುವುದಕ್ಕೇ ಇರುವುದು.

ಬೇಕಾದ್ದು ಹೆಚ್ಚೇನಿಲ್ಲ. ಒಬ್ಬೊಬ್ಬರಿಗೂ ಒಂದು ಮೊಬೈಲ್, ಒಂದು ನೋಟ್‌ಬುಕ್, ಪೆನ್ಸಿಲ್, ಆಕಾಶ ಕಾಣುವ ಒಂದು ಕಿಟಕಿಯೋ ತಾರಸಿಯೋ ಅಂಗಳವೋ ಇದ್ದರೆ ಸಾಕು. ಜೊತೆಗೆ ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ ಎಂಬ ತಂತ್ರಾಂಶ ಹಾಕಿಕೊಳ್ಳಿ. ಇದು ಉಚಿತ. ಭೂಮಿಯ ಮೇಲಿನ ಯಾವುದೇ ಜಾಗ, ಯಾವುದೇ ದಿನ, ಯಾವುದೇ ಗಂಟೆ ಕೊಟ್ಟರೂ ಅಲ್ಲಿಯ ಆಕಾಶ ಹೇಗಿರುತ್ತದೆಂದು ತೋರಿಸುತ್ತದೆ. ಅತ್ತೆಯ ಊರಿನ ಆಕಾಶವನ್ನು ನಿಮ್ಮ ಮೇಜಿನ ಮೇಲೆ ತೆರೆದಿಟ್ಟುಕೊಂಡು ಅವರ ಜೊತೆ ಮಾತಾಡಬಹುದು.

ಹಂತ 1: ಇಡೀ ಬಳಗವನ್ನು ಎಳೆದು ತರಬೇಡಿ

ಎಲ್ಲರೂ ಎಡವುವುದು ಇಲ್ಲೇ. ಉತ್ಸಾಹದಲ್ಲಿ ನಲವತ್ತು ಜನರಿರುವ ಕುಟುಂಬದ ವಾಟ್ಸಾಪ್ ಗ್ರೂಪಿಗೆ "ಇವತ್ತು ರಾತ್ರಿ ಗುರು ಗ್ರಹ ನೋಡಿ" ಎಂದು ಹಾಕುತ್ತೀರಿ. ಎಂಟು ಜನ ಕೈಮುಗಿಯುವ ಚಿಹ್ನೆ ಕಳಿಸುತ್ತಾರೆ. ಯಾರೂ ಹೊರಗೆ ಹೋಗುವುದಿಲ್ಲ. ಮೂರು ಸಲ ಹೀಗಾದರೆ ನಿಮಗೂ ಸಾಕಾಗುತ್ತದೆ.

ಮೂವರೋ ನಾಲ್ವರೋ ಸಾಕು. ಅವರ ಪೈಕಿ ಒಬ್ಬರು ಮಗು, ಒಬ್ಬರು ಹಿರಿಯರು, ಒಬ್ಬರು ನಿಮಗಿಂತ ತುಂಬ ದೂರದಲ್ಲಿರುವವರು ಆಗಿರಲಿ. ಪೂರ್ವಕ್ಕೋ ಪಶ್ಚಿಮಕ್ಕೋ ದೂರವಿದ್ದರೆ ಗಡಿಯಾರದ ವ್ಯತ್ಯಾಸ ಸಿಗುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ದೂರವಿದ್ದರೆ ಆಕಾಶದ್ದೇ ವ್ಯತ್ಯಾಸ ಸಿಗುತ್ತದೆ. ಎರಡನೆಯದು ಹೆಚ್ಚು ಮಜಾ. ಆದ್ದರಿಂದ ಭೂಮಧ್ಯರೇಖೆಯ ಆಚೆ ಯಾರಾದರೂ ಇದ್ದರೆ, ದೂರದ ಸಂಬಂಧವಾದರೂ ಸರಿ, ಅವರನ್ನು ಬಿಡಬೇಡಿ.

ಇವರಿಗಾಗಿಯೇ ಬೇರೆ ಗ್ರೂಪ್ ಮಾಡಿ. ಅಲ್ಲಿ ಆಕಾಶದ ಮಾತು ಬಿಟ್ಟು ಬೇರೆ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ. ಹಿರಿಯರಿಗೆ ಗ್ರೂಪಿನಲ್ಲಿ ಬರೆದು ಹೇಳಿದರೆ ಬೇಸರವಾಗಬಹುದು. ಫೋನ್ ಮಾಡಿ, "ದೊಡ್ಡಪ್ಪ, ಇದರಲ್ಲಿ ಚಂದ್ರ ನಕ್ಷತ್ರ ಅಷ್ಟೇ ಹಾಕೋಣ ಅಂತ" ಎಂದರೆ ಅವರೇ ಕಾವಲು ಕಾಯುತ್ತಾರೆ.

ಹಂತ 2: ಒಬ್ಬೊಬ್ಬರ ಜಾಗದ ಚೀಟಿ

ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಬರೆದಿಡಿ. ಊರಿನ ಅಕ್ಷಾಂಶ, ರೇಖಾಂಶ, ಯುಟಿಸಿ ವ್ಯತ್ಯಾಸ, ಮನೆಯಿಂದ ಯಾವ ದಿಕ್ಕು ತೆರೆದಿದೆ, ರಾತ್ರಿ ಎಷ್ಟು ಗಂಟೆವರೆಗೆ ಎದ್ದಿರುತ್ತಾರೆ, ಇಷ್ಟು ಅದರಲ್ಲಿರಲಿ.

ಅಕ್ಷಾಂಶ ಎಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ದೂರ ಎನ್ನುವ ಲೆಕ್ಕ. ಸಿಂಗಪುರ ಹೆಚ್ಚುಕಡಿಮೆ 1 ಡಿಗ್ರಿ ಉತ್ತರ, ಲಂಡನ್ 51.5 ಡಿಗ್ರಿ ಉತ್ತರ, ಸಿಡ್ನಿ 34 ಡಿಗ್ರಿ ದಕ್ಷಿಣ. ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಯುಟಿಸಿ ಎಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಗಡಿಯಾರ. ಖಗೋಳದ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಸಮಯವೇ.

ಇಲ್ಲಿ ಮೂರು ಗುಂಡಿಗಳಿವೆ, ನೋಡಿಕೊಂಡು ಹೋಗಿ. ಒಂದು, ಎಲ್ಲ ದೇಶಗಳ ವ್ಯತ್ಯಾಸವೂ ಪೂರ್ತಿ ಗಂಟೆಯಲ್ಲಿರುವುದಿಲ್ಲ. ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ನೇಪಾಳ 5 ಗಂಟೆ 45 ನಿಮಿಷ ಮುಂದೆ. ಎರಡು, ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಉತ್ತರದವರ ಬೇಸಿಗೆ ದಕ್ಷಿಣದವರ ಚಳಿಗಾಲ, ಹಾಗಾಗಿ ಲಂಡನ್–ಸಿಡ್ನಿ ನಡುವಿನ ಅಂತರ ವರ್ಷದಲ್ಲಿ 9 ಗಂಟೆಯಿಂದ 11 ಗಂಟೆಯವರೆಗೆ ಅತ್ತಿತ್ತ ಆಗುತ್ತಿರುತ್ತದೆ. ಹೋದ ತಿಂಗಳ ಲೆಕ್ಕ ನಂಬಿ ಕರೆ ಮಾಡಬೇಡಿ. ಮೂರು, "ಇವತ್ತು ರಾತ್ರಿ" ಎಂಬ ಮಾತು. ಮಧ್ಯರಾತ್ರಿ ದಾಟಿದ ಮೇಲಿನ ಎರಡು ಗಂಟೆ ಯಾವ ತಾರೀಖಿಗೆ ಸೇರುತ್ತದೆ ಎನ್ನುವುದರಲ್ಲೇ ಅರ್ಧ ಬಳಗ ಒಂದು ದಿನ ತಪ್ಪಿಸಿಕೊಳ್ಳುತ್ತದೆ. "12ರ ರಾತ್ರಿ ಕಳೆದು 13ರ ಬೆಳಗಿನ ಜಾವ 2 ಗಂಟೆ" ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಹಂತ 3: ಮೊದಲ ತಿಂಗಳು ಚಂದ್ರ ಒಬ್ಬನೇ

ನಗರದ ಬೆಳಕಿಗೆ ಚಂದ್ರ ಹೆದರುವುದಿಲ್ಲ. ಮಗುವೂ ಹುಡುಕಬಲ್ಲದು, ಕಣ್ಣು ಮಂಜಾದ ಹಿರಿಯರಿಗೂ ಕಾಣುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.5 ದಿನ. ಅಮಾವಾಸ್ಯೆ ಕಳೆದ ಮೂರನೆಯ ಸಂಜೆ ಪಶ್ಚಿಮದಲ್ಲಿ ಶುರು ಮಾಡಿ.

ಕೆಲಸ ಇಷ್ಟೇ. ಅವರವರ ಊರಿನಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ಎಲ್ಲರೂ ಚಂದ್ರನನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ವೃತ್ತ ಬರೆದು, ಕತ್ತಲಿರುವ ಭಾಗವನ್ನು ಪೆನ್ಸಿಲಿನಲ್ಲಿ ತುಂಬುವುದು. ವೃತ್ತದ ಕೆಳಗೆ ನೆಲದ ಗೆರೆ ಎಳೆಯುವುದನ್ನು ಮರೆಯಬಾರದು. ಆ ಗೆರೆಯಿಲ್ಲದಿದ್ದರೆ ಚಿತ್ರ ಯಾವ ಕಡೆ ವಾಲಿದೆಯೆಂದು ಗೊತ್ತಾಗುವುದಿಲ್ಲ, ಇಡೀ ಆಟವೇ ಕೆಡುತ್ತದೆ. ಚಿತ್ರದ ಫೋಟೋ ತೆಗೆದು ಗ್ರೂಪಿಗೆ ಹಾಕುವುದು.

ನಾಲ್ಕು ದಿನದಲ್ಲಿ ಗಲಾಟೆ ಶುರುವಾಗುತ್ತದೆ. ಲಂಡನ್ನಿನವರ ಚಂದ್ರ ಬಲಬದಿಗೆ ಬೆಳಗಿರುತ್ತದೆ, ಸಿಡ್ನಿಯವರದ್ದು ಎಡಬದಿಗೆ. ಭೂಮಧ್ಯರೇಖೆಯ ಹತ್ತಿರದವರ ಬಿದಿಗೆ–ತದಿಗೆಯ ಚಂದ್ರ ದೋಣಿಯ ಹಾಗೆ ಮಲಗಿರುತ್ತದೆ. ಹುಣ್ಣಿಮೆಯ ಹೊತ್ತಿಗೆ ಇನ್ನೂ ಸ್ಪಷ್ಟ: ಇಲ್ಲಿ ಕಿವಿ ನೆಟ್ಟಗೆ ಮಾಡಿ ಕೂತ ಮೊಲ ಅಲ್ಲಿ ತಲೆಕೆಳಗಾಗಿ ಜೋತಾಡುತ್ತಿರುತ್ತದೆ. ನಮ್ಮ ಬಳಗದಲ್ಲಿ ಚಿಕ್ಕಮ್ಮನ ಮಗ ದಕ್ಷಿಣದಿಂದ ಮೊದಲ ಚಿತ್ರ ಕಳಿಸಿದಾಗ "ಫೋನ್ ಉಲ್ಟಾ ಹಿಡಿದಿದ್ದಾನೆ" ಎಂದು ಎಲ್ಲರೂ ಅವನಿಗೇ ಬುದ್ಧಿ ಹೇಳಿದ್ದೆವು.

ಕಾರಣವನ್ನು ತಕ್ಷಣ ಹೇಳಿಬಿಡಬೇಡಿ. ಮಕ್ಕಳಿಗೆ ಒಂದು ಚೆಂಡಿನ ಮೇಲೆ ಎರಡು ಗೊಂಬೆಗಳನ್ನು ಅಂಟಿಸಲು ಹೇಳಿ, ಒಂದು ಮೇಲ್ಭಾಗದಲ್ಲಿ, ಇನ್ನೊಂದು ಕೆಳಭಾಗದಲ್ಲಿ. ಎರಡೂ ಎದುರಿಗಿರುವ ಒಂದು ಕನ್ನಡಿಯನ್ನೋ ಚಿತ್ರವನ್ನೋ ನೋಡುವಂತೆ ನಿಲ್ಲಿಸಿದರೆ, ಒಂದರ ತಲೆ ಇನ್ನೊಂದಕ್ಕೆ ಹೋಲಿಸಿದರೆ ಕೆಳಗಿರುತ್ತದೆ. ತಲೆಕೆಳಗಾದದ್ದು ಚಂದ್ರನೋ ನೋಡುವವನೋ ಎನ್ನುವ ಜಗಳ ಒಂದು ವಾರ ನಡೆಯಲಿ ಬಿಡಿ.

ಇಲ್ಲೊಂದು ಎಚ್ಚರಿಕೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ ಕಳೆದ ನಂತರ ಸಂಜೆಗೆ ಸಿಗುವುದಿಲ್ಲ. "ನಮ್ಮಲ್ಲಿ ಚಂದ್ರನೇ ಇಲ್ಲ" ಎಂದು ಯಾರಾದರೂ ಬರೆದರೆ ಅವರು ಸೋಮಾರಿಯಲ್ಲ. ಬೆಳಿಗ್ಗೆ ಪಶ್ಚಿಮದ ಕಡೆ ನೋಡಲು ಹೇಳಿ.

ಹಂತ 4: ದೂರದವರ ಜೊತೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ

ನಿರಾಸೆ ಆಗುವುದು ಹೆಚ್ಚಾಗಿ ಈ ಲೆಕ್ಕ ತಪ್ಪಿದಾಗ. ಆಕಾಶದಲ್ಲಿ ಕಾಣುವುದೆಲ್ಲ ಎಲ್ಲರಿಗೂ ಒಟ್ಟಿಗೆ ಕಾಣುವುದಿಲ್ಲ.

ಉಲ್ಕೆಯನ್ನೇ ತೆಗೆದುಕೊಳ್ಳಿ. ಜನ "ಬೀಳುವ ನಕ್ಷತ್ರ" ಎನ್ನುವ ಆ ಗೆರೆ ಉರಿಯುವುದು ನೆಲದಿಂದ ಸುಮಾರು 80–100 ಕಿ.ಮೀ. ಎತ್ತರದಲ್ಲಿ. ಸಾವಿರಾರು ಕಿ.ಮೀ. ದೂರದ ತಂಗಿಗೆ ನೀವು ನೋಡಿದ ಅದೇ ಉಲ್ಕೆ ಕಾಣುವ ಮಾತೇ ಇಲ್ಲ. ಫೋನ್ ಹಿಡಿದು "ಈಗ ನೋಡಿದೆಯಾ!" ಎಂದು ಕೂಗುವುದರಲ್ಲಿ ಅರ್ಥವಿಲ್ಲ. ಆದರೆ ಉಲ್ಕಾವರ್ಷ ಎಲ್ಲರಿಗೂ ಒಂದೇ. ಆಗಸ್ಟ್ 12–13ರ ಸುಮಾರಿಗೆ ಪರ್ಸೀಡ್, ಡಿಸೆಂಬರ್ 13–14ರ ಸುಮಾರಿಗೆ ಜೆಮಿನಿಡ್. ಅವರವರ ರಾತ್ರಿಯಲ್ಲಿ ಅವರವರು ಒಂದು ಗಂಟೆ ಎಣಿಸಿ, ಮರುದಿನ ಲೆಕ್ಕ ಹೋಲಿಸಿ. ದಕ್ಷಿಣ ಗೋಳಾರ್ಧದವರಿಗೆ ಪರ್ಸೀಡ್ ಬಹುತೇಕ ಸಿಗದು, ಆ ಉಲ್ಕೆಗಳು ಹೊರಡುವಂತೆ ಕಾಣುವ ಬಿಂದು ಉತ್ತರಕ್ಕೆ ತುಂಬ ದೂರವಿದೆ. ಜೆಮಿನಿಡ್ ಎಲ್ಲರಿಗೂ ಸಾಕಷ್ಟು ಸಿಗುತ್ತದೆ. ಬಳಗದ ಮೊದಲ ಎಣಿಕೆಗೆ ಅದನ್ನೇ ಇಟ್ಟುಕೊಳ್ಳಿ. "ಗಂಟೆಗೆ ನೂರಕ್ಕೂ ಹೆಚ್ಚು" ಎಂಬ ಸುದ್ದಿ ನಂಬಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಆ ಸಂಖ್ಯೆ ಕಗ್ಗತ್ತಲ ಆಕಾಶಕ್ಕೆ, ಆ ಬಿಂದು ನೆತ್ತಿಯ ಮೇಲಿದ್ದಾಗಿನ ಲೆಕ್ಕಕ್ಕೆ ಸೇರಿದ್ದು. ನಗರದ ತಾರಸಿಯಲ್ಲಿ ಐದಾರು ಸಿಕ್ಕರೂ ಪುಣ್ಯ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಥೆ ಬೇರೆ. ಅದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಹೆಚ್ಚುಕಡಿಮೆ 90 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಸಂಜೆ ಕತ್ತಲಾದ ಸ್ವಲ್ಪ ಹೊತ್ತಿಗೆ ಅಥವಾ ಬೆಳಗಾಗುವ ಮುಂಚೆ, ಮಿಣುಕದ ಪ್ರಕಾಶಮಾನ ಚುಕ್ಕೆಯಾಗಿ ಆಕಾಶ ದಾಟುತ್ತದೆ. ನಾಸಾದ 'ಸ್ಪಾಟ್ ದ ಸ್ಟೇಷನ್' ಸೇವೆಯಲ್ಲಿ ಊರಿನ ಹೆಸರು ಕೊಟ್ಟರೆ ಯಾವ ದಿನ, ಯಾವ ನಿಮಿಷ, ಯಾವ ದಿಕ್ಕಿನಿಂದ ಬರುತ್ತದೆಂದು ಸಿಗುತ್ತದೆ. ಸಾವಿರ ಕಿ.ಮೀ. ಅಂತರದಲ್ಲಿರುವ ಇಬ್ಬರು ಒಂದೇ ಹಾಯುವಿಕೆಯನ್ನು ನೋಡಬಹುದು. ಅದರ ಹಾದಿ ಇಬ್ಬರ ಮೇಲೂ ಹೋಗುವಂತಿದ್ದರೆ, ನಿಮ್ಮ ನೆತ್ತಿ ದಾಟಿದ ಎರಡು ನಿಮಿಷ ಚಿಲ್ಲರೆಗೆ ಅವರ ನೆತ್ತಿಗೆ ಬರುತ್ತದೆ. ಫೋನಿನಲ್ಲಿ "ಕಳಿಸಿದೆ!" "ಬಂತು ಬಂತು!" ಎಂದು ಕೂಗುವ ಆ ಎರಡು ನಿಮಿಷ ಯಾವ ವಿಡಿಯೋ ಕಾಲ್‌ಗೂ ಸಮವಲ್ಲ. ನಡು ಆಕಾಶದಲ್ಲಿ ತಟ್ಟನೆ ಮಾಯವಾದರೆ ಗಾಬರಿ ಬೇಡ, ಭೂಮಿಯ ನೆರಳಿಗೆ ಹೊಕ್ಕಿತು ಅಷ್ಟೇ.

ಚಂದ್ರಗ್ರಹಣ ಮಾತ್ರ ನಿಜವಾಗಿ ಎಲ್ಲರದ್ದು. ಆ ಹೊತ್ತಿಗೆ ಚಂದ್ರ ಯಾರ ಆಕಾಶದಲ್ಲಿದ್ದಾನೋ ಅವರಿಗೆಲ್ಲ ಅದೇ ಕ್ಷಣಕ್ಕೆ ಅದೇ ನೆರಳು. ಬರಿಗಣ್ಣಿಗೆ ಯಾವ ಅಪಾಯವೂ ಇಲ್ಲ. ಸೂರ್ಯಗ್ರಹಣ ಹಾಗಲ್ಲ: ಊರೂರಿಗೆ ಸಮಯವೂ ಬೇರೆ, ಮುಚ್ಚುವ ಪ್ರಮಾಣವೂ ಬೇರೆ, ಕಣ್ಣಿನ ಅಪಾಯ ಎಲ್ಲ ಕಡೆ ಒಂದೇ. ಐಎಸ್ಒ 12312-2 ಮಾನದಂಡದ ಗ್ರಹಣ ಕನ್ನಡಕವಿಲ್ಲದೆ ಸೂರ್ಯನನ್ನು ನೋಡಬಾರದು, ಆ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಮೂಲಕವಂತೂ ನೋಡಲೇಬಾರದು. ಮಕ್ಕಳಿದ್ದರೆ ರಟ್ಟಿನಲ್ಲಿ ಸೂಜಿ ತೂತು ಮಾಡಿ ನೆಲದ ಮೇಲೆ ಬಿಂಬ ಬೀಳಿಸಿ.

ನಕ್ಷತ್ರಗಳಲ್ಲಿ ಬಳಗಕ್ಕೆಲ್ಲ ಸಲ್ಲುವುದು ಮಹಾವ್ಯಾಧ, ಇಂಗ್ಲಿಷಿನಲ್ಲಿ ಒರಾಯನ್ ಎನ್ನುವ ನಕ್ಷತ್ರಪುಂಜ. ಸಾಲಾಗಿ ಮೂರು ಚುಕ್ಕೆ, ಅದೇ ಅವನ ನಡುಪಟ್ಟಿ. ಆಕಾಶದ ಮಧ್ಯರೇಖೆಯ ಮೇಲೇ ನಿಂತಿರುವುದರಿಂದ ಜನವಸತಿಯಿರುವ ಎಲ್ಲ ಕಡೆಗೂ ಕಾಣುತ್ತಾನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಂಜೆಗೇ ಸಿಗುತ್ತಾನೆ. ದಕ್ಷಿಣದವರಿಗೆ ಇವನೂ ಶೀರ್ಷಾಸನದಲ್ಲೇ. ಧ್ರುವನಕ್ಷತ್ರವನ್ನು ಸಿಡ್ನಿಯವರಿಗೆ ಹುಡುಕಲು ಹೇಳಿ ಅವಮಾನ ಮಾಡಿಸಿಕೊಳ್ಳಬೇಡಿ, ಅದು ಅವರ ನೆಲದ ಕೆಳಗಿದೆ.

ಹಂತ 5: ಕರೆ ಮಾಡಿ ಒಟ್ಟಿಗೆ ನೋಡುವಾಗ

ವಿಡಿಯೋ ಬೇಡ, ಬರೀ ಧ್ವನಿ ಸಾಕು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಒಂದು ಸಲ ಮೊಬೈಲಿನ ಬಿಳಿ ಪರದೆ ನೋಡಿದರೆ ಅಷ್ಟೂ ಹೋಯಿತು. ಮೊಬೈಲನ್ನು ಸ್ಪೀಕರಿಗೆ ಹಾಕಿ, ಮುಖ ಕೆಳಗೆ ಮಾಡಿ ಪಕ್ಕದಲ್ಲಿಡಿ. ಬೆಳಕು ಬೇಕೇ ಬೇಕಾದರೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳಿ.

"ಅಗೋ ಅಲ್ಲಿ, ಆ ಕಟ್ಟಡದ ಮೇಲೆ" ಎಂಬ ಮಾತು ಫೋನಿನಲ್ಲಿ ನಡೆಯುವುದಿಲ್ಲ. ಕೈಯನ್ನೇ ಅಳತೆಗೋಲು ಮಾಡಿಕೊಳ್ಳಿ. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಗುವಿನ ಕೈ ಚಿಕ್ಕದಾದರೂ ತೋಳೂ ಗಿಡ್ಡವಾದ್ದರಿಂದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. "ಪಶ್ಚಿಮಕ್ಕೆ ತಿರುಗು, ನೆಲದಿಂದ ಮೂರು ಮುಷ್ಟಿ ಮೇಲೆ" ಎಂದರೆ ಯಾರೂ ತಪ್ಪುವುದಿಲ್ಲ. ಆದರೆ ಆ ಮೂರು ಮುಷ್ಟಿ ಅವರ ಊರಿನ ಲೆಕ್ಕವಾಗಿರಬೇಕು, ನಿಮ್ಮದಲ್ಲ. ಕರೆಗೆ ಮೊದಲೇ ಸ್ಟೆಲೇರಿಯಂನಲ್ಲಿ ಅವರ ಊರು ಹಾಕಿ ನೋಡಿಕೊಂಡಿರಿ.

ಹಿರಿಯರಿಗೆ ಒರಗುವ ಕುರ್ಚಿ, ಬೆಚ್ಚಗೆ ಹೊದೆಯಲು ಒಂದು ಶಾಲು ಇರಲಿ. ಕತ್ತಲಲ್ಲಿ ತಲೆ ಎತ್ತಿ ನಿಂತರೆ ತಲೆ ಸುತ್ತಿ ಬೀಳುವ ಅಪಾಯವಿದೆ. ಇಪ್ಪತ್ತು ನಿಮಿಷಕ್ಕೆ ಮುಗಿಸಿ. ಮೋಡ ಕವಿದರೆ ಕರೆ ರದ್ದು ಮಾಡಬೇಡಿ, ಮೋಡವಿಲ್ಲದ ಕಡೆಯವರು ನೋಡಿ ಹೇಳಲಿ, ಉಳಿದವರು ಕೇಳಿಕೊಂಡೇ ಚಿತ್ರ ಬರೆಯಲಿ. ಹೇಳಿದ್ದಕ್ಕೂ ಬರೆದದ್ದಕ್ಕೂ ಇರುವ ಅಂತರ ನೋಡಿ ನಗಬಹುದು.

ಹಂತ 6: ಒಂದು ಕೋಲು, ಎರಡು ಊರು, ಇಡೀ ಭೂಮಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಮಾಡಲೇಬೇಕಾದದ್ದು ಇದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ್ದು ಇದೇ. ಈಜಿಪ್ಟಿನ ಸಯೀನ್‌ನಲ್ಲಿ, ಎಂದರೆ ಇಂದಿನ ಅಸ್ವಾನಿನಲ್ಲಿ, ಸೂರ್ಯ ನೆತ್ತಿಗೆ ಬರುವ ದಿನ ಅಲೆಕ್ಸಾಂಡ್ರಿಯಾದಲ್ಲಿ ನೆರಳು ವೃತ್ತದ ಐವತ್ತನೇ ಒಂದು ಭಾಗದಷ್ಟು ವಾಲಿತ್ತು. ಹಾಗಾದರೆ ಎರಡೂ ಊರುಗಳ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ನಿಮ್ಮ ಬಳಗದಲ್ಲಿ ಒಬ್ಬರಿಗಿಂತ ಇನ್ನೊಬ್ಬರು ಸಾಕಷ್ಟು ಉತ್ತರಕ್ಕಿದ್ದರೆ ನೀವೂ ಮಾಡಬಹುದು. ಸಾವಿರ ಕಿ.ಮೀ. ಇದ್ದರೆ ಚೆನ್ನ.

ಒಂದೇ ದಿನ ಎರಡೂ ಕಡೆ, ಸಮತಟ್ಟು ನೆಲದಲ್ಲಿ 1 ಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ಕಣ್ಣಳತೆ ನಂಬಬೇಡಿ, ದಾರಕ್ಕೆ ಒಂದು ಬೀಗ ಕಟ್ಟಿ ಇಳಿಬಿಟ್ಟು ಅದಕ್ಕೆ ಸಮನಾಗಿ ನಿಲ್ಲಿಸಿ. ಮಧ್ಯಾಹ್ನದ ಆಸುಪಾಸಿನಲ್ಲಿ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ನೆರಳು ಕುಗ್ಗುತ್ತಾ ಬಂದು, ಒಂದು ಹಂತಕ್ಕೆ ನಿಂತು, ಮತ್ತೆ ಬೆಳೆಯುತ್ತದೆ. ಅತಿ ಗಿಡ್ಡ ನೆರಳೇ ನಿಮಗೆ ಬೇಕಾದ್ದು. ಗಡಿಯಾರದ ಹನ್ನೆರಡು ಗಂಟೆಗೆ ಅಳೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಸೂರ್ಯನ ಮಧ್ಯಾಹ್ನ ಗಡಿಯಾರದ ಮಧ್ಯಾಹ್ನಕ್ಕೆ ಬರುವುದು ಅಪರೂಪ. ನೆರಳಿನ ತುದಿ ಮಸುಕಾಗಿರುತ್ತದೆ, ಮಸುಕಿನ ನಡುವಿಗೆ ಗುರುತು ಹಾಕಿ.

ಈಗ ಲೆಕ್ಕ. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಅಡ್ಡ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ 'ಟ್ಯಾನ್ ಇನ್‌ವರ್ಸ್' ಗುಂಡಿ ಸಿಗುತ್ತದೆ, ಅದನ್ನು ಒತ್ತಿದರೆ ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೆಂಬ ಕೋನ ಬರುತ್ತದೆ. ಒಬ್ಬರ ನೆರಳು 20 ಸೆಂ.ಮೀ. ಎಂದಿಟ್ಟುಕೊಳ್ಳಿ, ಕೋನ 11.3 ಡಿಗ್ರಿ. ಇನ್ನೊಬ್ಬರದ್ದು 45 ಸೆಂ.ಮೀ., ಕೋನ 24.2 ಡಿಗ್ರಿ. ವ್ಯತ್ಯಾಸ 12.9. ಇಬ್ಬರ ನಡುವೆ ಉತ್ತರ–ದಕ್ಷಿಣ ದೂರ 1,430 ಕಿ.ಮೀ. ಇದ್ದರೆ, 1,430ನ್ನು 360ರಿಂದ ಗುಣಿಸಿ 12.9ರಿಂದ ಭಾಗಿಸಿ: ಸುಮಾರು 39,900 ಕಿ.ಮೀ. ಧ್ರುವಗಳ ಮೂಲಕ ಹಾದ ಭೂಮಿಯ ನಿಜವಾದ ಸುತ್ತಳತೆ 40,008 ಕಿ.ಮೀ. ಶೇಕಡಾ ಐದರಷ್ಟು ಆಚೀಚೆ ಬಂದರೂ ಬೆನ್ನು ತಟ್ಟಿಕೊಳ್ಳಬಹುದು.

ತಪ್ಪುವುದು ಎರಡು ಕಡೆ. ಒಬ್ಬರ ನೆರಳು ಉತ್ತರಕ್ಕೂ ಇನ್ನೊಬ್ಬರದ್ದು ದಕ್ಷಿಣಕ್ಕೂ ಬಿದ್ದಿದ್ದರೆ ಕೋನಗಳನ್ನು ಕಳೆಯಬಾರದು, ಕೂಡಬೇಕು. ಇನ್ನೊಂದು, ನಕ್ಷೆಯಲ್ಲಿ ಊರಿಂದ ಊರಿಗಿರುವ ಓರೆ ದೂರ ತೆಗೆದುಕೊಳ್ಳಬಾರದು, ಒಂದೂರಿನ ಅಡ್ಡಗೆರೆಯಿಂದ ಇನ್ನೊಂದೂರಿನ ಅಡ್ಡಗೆರೆಗೆ ಇರುವ ನೇರ ಉತ್ತರ–ದಕ್ಷಿಣ ದೂರವೇ ಬೇಕು. ಒಂದು ಕಡೆ ಮೋಡವಾಗಿ ಅಳತೆ ಮರುದಿನಕ್ಕೆ ಹೋದರೆ ಚಿಂತೆಯಿಲ್ಲ, ಸೂರ್ಯ ದಿನಕ್ಕೆ ಹೆಚ್ಚೆಂದರೆ 0.4 ಡಿಗ್ರಿ ಸರಿಯುತ್ತಾನೆ. ಜೂನ್ ಮತ್ತು ಡಿಸೆಂಬರಿನ ಮೂರನೆಯ ವಾರದಲ್ಲಂತೂ ಅಷ್ಟೂ ಇಲ್ಲ.

ಇದು ಗೆದ್ದರೆ ಚಂದ್ರನ ದೂರವನ್ನೂ ಅಳೆಯಬಹುದು. ಚಂದ್ರನ ಪಕ್ಕದಲ್ಲಿ ಪ್ರಕಾಶಮಾನ ಗ್ರಹವೋ ನಕ್ಷತ್ರವೋ ಇರುವ ರಾತ್ರಿ ಆರಿಸಿ, ಇಬ್ಬರಿಗೂ ಕಾಣುವ ಒಂದೇ ನಿಮಿಷದಲ್ಲಿ ಫೋಟೋ ತೆಗೆಯಿರಿ. 6,000 ಕಿ.ಮೀ. ಅಂತರದ ಇಬ್ಬರ ಚಿತ್ರಗಳಲ್ಲಿ ಚಂದ್ರ ಆ ನಕ್ಷತ್ರದ ಪಕ್ಕ 0.9 ಡಿಗ್ರಿವರೆಗೂ, ಎಂದರೆ ತನ್ನದೇ ಅಗಲದ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ, ಸರಿದಂತೆ ಕಾಣಬಹುದು. ಒಂದೊಂದೇ ಕಣ್ಣು ಮುಚ್ಚಿ ಹೆಬ್ಬೆರಳು ನೋಡಿದಾಗ ಅದು ಅತ್ತಿತ್ತ ಹಾರುತ್ತದಲ್ಲ, ಅದೇ ಆಟ. ನಿಮ್ಮ ಬಳಗ ಎರಡು ಕಣ್ಣು. ಹತ್ತು ನಿಮಿಷ ಆಚೀಚೆಯಾದರೆ ಚಂದ್ರನೇ ಅಷ್ಟರಲ್ಲಿ ಸರಿದು ಲೆಕ್ಕ ಕೆಡಿಸುತ್ತಾನೆ.

ಹಂತ 7: ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿನ ನಕ್ಷತ್ರ

ಜ್ಯೋತಿರ್ವರ್ಷ ಎಂದರೆ ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು, ಸುಮಾರು 9.46 ಲಕ್ಷ ಕೋಟಿ ಕಿ.ಮೀ. 25 ಜ್ಯೋತಿರ್ವರ್ಷ ದೂರದ ನಕ್ಷತ್ರದಿಂದ ಇಂದು ಕಣ್ಣಿಗೆ ಬಿದ್ದ ಬೆಳಕು ಹೊರಟದ್ದು 25 ವರ್ಷದ ಹಿಂದೆ. ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಸಂದೇಶ ನನಗೆ ಗೊತ್ತಿಲ್ಲ.

ಒಂಬತ್ತು ತುಂಬುತ್ತಿರುವ ಮಗುವಿಗೆ ಲುಬ್ಧಕ, 8.6. ಹದಿನೇಳರವರಿಗೆ ಶ್ರವಣ, ಸುಮಾರು 17. ಇಪ್ಪತ್ತೈದಕ್ಕೆ ಅಭಿಜಿತ್. ಮೂವತ್ತನಾಲ್ಕಕ್ಕೆ ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಪ್ರಕಾಶಮಾನವಾದ ಪೊಲಕ್ಸ್. ಮೂವತ್ತೇಳಕ್ಕೆ ಸ್ವಾತಿ, ನಲವತ್ಮೂರಕ್ಕೆ ಬ್ರಹ್ಮಹೃದಯ, ಅರವತ್ತೈದಕ್ಕೆ ಕೆಂಪು ಕಣ್ಣಿನ ರೋಹಿಣಿ, ಎಪ್ಪತ್ತೊಂಬತ್ತಕ್ಕೆ ಮಘಾ. ಅಜ್ಜಿಗೆ ಫೋನ್ ಮಾಡಿ "ಅಜ್ಜಿ, ನೀವು ಹುಟ್ಟಿದ ವರ್ಷ ಹೊರಟ ಬೆಳಕು ಈಗ ಬಂದು ಮುಟ್ಟುತ್ತಿದೆ, ತಾರಸಿಗೆ ಬನ್ನಿ" ಎಂದು ನೋಡಿ. ವಯಸ್ಸಿಗೆ ಸರಿಯಾಗಿ ಎಲ್ಲರಿಗೂ ನಕ್ಷತ್ರ ಸಿಗುವುದಿಲ್ಲ, ಒಂದೆರಡು ವರ್ಷ ಆಚೀಚೆ ನಡೆಯುತ್ತದೆ. ಈ ನಕ್ಷತ್ರಗಳ ಹೆಸರು ನಿಮಗಿಂತ ಹಿರಿಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ಯಾವುದು ಎಲ್ಲಿದೆಯೆಂದು ತೋರಿಸುವ ಕೆಲಸ ನಿಮ್ಮದು, ಹೆಸರು ಹೇಳುವ ಕೆಲಸ ಅವರಿಗೆ ಬಿಡಿ. ನಕ್ಷತ್ರ ಆ ತಿಂಗಳು ಸೂರ್ಯನ ಹತ್ತಿರವಿದ್ದರೆ ಕಾಣುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಹಂತ 8: ಫೋಟೋ, ಕೊನೆಗೆ ಉಪಕರಣ

ಮೊಬೈಲಿನಲ್ಲಿ ಚಂದ್ರನ ಫೋಟೋ ಬಿಳಿ ಉಂಡೆಯಾಗಿ ಬರುತ್ತದೆ ಎನ್ನುವುದು ಎಲ್ಲರ ದೂರು. ಪರದೆಯಲ್ಲಿ ಚಂದ್ರನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಬೆಳಕು ತಗ್ಗಿ ಕಲೆಗಳು ಕಾಣುತ್ತವೆ. ನಕ್ಷತ್ರದ ಫೋಟೋ ಕಳಿಸುವಾಗ ಚಿತ್ರವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಆ್ಯಪ್ ಗಾತ್ರ ಕುಗ್ಗಿಸುವ ಭರದಲ್ಲಿ ಸಣ್ಣ ಚುಕ್ಕೆಗಳನ್ನು ನುಂಗಿಹಾಕುತ್ತದೆ.

ಆರು ತಿಂಗಳು ಬಳಗ ಉಳಿದುಕೊಂಡರೆ ಒಂದು ಬೈನಾಕ್ಯುಲರ್ ಕೊಳ್ಳಿ. 10×50 ಎಂದು ಬರೆದಿರುತ್ತದೆ. 10 ಎಂದರೆ ಅಷ್ಟು ಪಟ್ಟು ಹತ್ತಿರ ತೋರಿಸುತ್ತದೆ, 50 ಎಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಗೋಡೆಗೆ ಒರಗಿಸಿ ಹಿಡಿದರೆ ಗುರು ಗ್ರಹದ ನಾಲ್ಕು ದೊಡ್ಡ ಚಂದ್ರಗಳು ಚುಕ್ಕೆಗಳಾಗಿ ಕಾಣುತ್ತವೆ. ಗೆಲಿಲಿಯೋ 1610ರಲ್ಲಿ ಕಂಡದ್ದು ಇವನ್ನೇ. ಒಳಗಿನ ಚಂದ್ರ ಅಯೋ 42 ಗಂಟೆ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ನೀವು ಸಂಜೆ ಚಿತ್ರ ಬರೆದು, ಪಶ್ಚಿಮದ ದೇಶದಲ್ಲಿರುವ ಅಣ್ಣ ಎಂಟು ಗಂಟೆ ಕಳೆದು ತನ್ನ ಸಂಜೆಯಲ್ಲಿ ಬರೆದರೆ ಚುಕ್ಕೆಗಳು ಜಾಗ ಬದಲಿಸಿರುತ್ತವೆ. "500 ಪಟ್ಟು ದೊಡ್ಡದು" ಎಂದು ಡಬ್ಬದ ಮೇಲೆ ಅಚ್ಚಾದ ಸಣ್ಣ ಟೆಲಿಸ್ಕೋಪುಗಳಿಂದ ದೂರವಿರಿ. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಸಿಗುವುದು ದೊಡ್ಡ ಮಸುಕು.

ಬಳಗದೊಳಗಿನ ತಕರಾರುಗಳು

"ಆಗಸ್ಟ್ 27ಕ್ಕೆ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ" ಎಂಬ ಸಂದೇಶ ಒಂದಲ್ಲ ಒಂದು ಆಗಸ್ಟಿಗೆ ಬಂದೇ ಬರುತ್ತದೆ. 2003ರ ಆಗಸ್ಟ್ 27ರಂದು ಮಂಗಳ ನಿಜಕ್ಕೂ ತುಂಬ ಹತ್ತಿರ, ಸುಮಾರು 5.58 ಕೋಟಿ ಕಿ.ಮೀ.ಗೆ, ಬಂದಿತ್ತು. ಆಗಲೂ ಬರಿಗಣ್ಣಿಗೆ ಅದು ಚುಕ್ಕೆಯೇ. ಕಳಿಸಿದವರು ಮಾವನೋ ದೊಡ್ಡಮ್ಮನೋ ಆಗಿದ್ದರೆ ಗ್ರೂಪಿನಲ್ಲಿ "ಸುಳ್ಳು" ಎಂದು ಬರೆಯಬೇಡಿ. "ಮಾವ, ಇವತ್ತು ರಾತ್ರಿ ನೋಡಿಬಿಡೋಣ, ನೀವೂ ಬನ್ನಿ" ಎನ್ನಿ. ನೋಡಿದ ಮೇಲೆ ಮುಂದಿನ ಆಗಸ್ಟಿಗೆ ಅವರೇ ಬೇರೆಯವರನ್ನು ತಿದ್ದುತ್ತಾರೆ.

ಜ್ಯೋತಿಷ್ಯದ ವಾದ ಎದ್ದರೆ ಅದಕ್ಕೆ ಈ ಗ್ರೂಪಿನಲ್ಲಿ ಜಾಗ ಕೊಡಬೇಡಿ, ಯಾವ ಪಕ್ಷಕ್ಕೂ. ಎಲ್ಲ ಗೊತ್ತಿರುವ ಸೋದರಸಂಬಂಧಿ ಒಬ್ಬರು ಎಲ್ಲ ಬಳಗದಲ್ಲೂ ಇರುತ್ತಾರೆ. ನೀವೇ ಅವರಾಗಿದ್ದರೆ ದಿನಕ್ಕೆ ಒಂದೇ ಸಂದೇಶ ಎಂದು ನಿಮಗೆ ನೀವೇ ಕಡಿವಾಣ ಹಾಕಿಕೊಳ್ಳಿ. ಮೂರು ತಿಂಗಳಿಂದ ಏನೂ ಬರೆಯದ ಅತ್ತಿಗೆಯನ್ನು ಗ್ರೂಪಿನಿಂದ ತೆಗೆಯಬೇಡಿ. ಹಾಗೆ ಸುಮ್ಮನಿರುವವರಲ್ಲಿ ಎಷ್ಟೋ ಜನ ದಿನಾ ನೋಡುತ್ತಿರುತ್ತಾರೆ.

ಬಳಗವೆಲ್ಲ ಒಟ್ಟಿಗೆ ಸೇರಲು ಒಂದು ದಿನ ಗುರುತು ಹಾಕಿಕೊಳ್ಳಿ: 2028ರ ಡಿಸೆಂಬರ್ 31, ಪೂರ್ಣ ಚಂದ್ರಗ್ರಹಣ. ಪೂರ್ಣ ಹಂತ ಸುಮಾರು 71 ನಿಮಿಷ, ಅದರ ನಡುಭಾಗ 16:52 ಯುಟಿಸಿ ಹೊತ್ತಿಗೆ. ದುಬೈಯಲ್ಲಿರುವವರಿಗೆ ಅದು ರಾತ್ರಿ 8:52, ಭಾರತದಲ್ಲಿ 10:22. ಲಂಡನ್ನಿನವರಿಗೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಈಶಾನ್ಯದ ಕಡೆ ಅಡ್ಡಿಯಿಲ್ಲದ ಜಾಗ ಈಗಲೇ ನೋಡಿಟ್ಟುಕೊಳ್ಳಲಿ. ಸಿಂಗಪುರದಲ್ಲಿ ಗಡಿಯಾರ ಹನ್ನೆರಡು ಹೊಡೆದು ಹೊಸ ವರ್ಷ ಬರುವಾಗ ಚಂದ್ರ ಮುಕ್ಕಾಲು ಪಾಲು ನೆರಳಿನೊಳಗಿರುತ್ತಾನೆ. ಅಮೆರಿಕ ಖಂಡದ ಹೆಚ್ಚಿನವರಿಗೆ ಕಾಣುವುದಿಲ್ಲ, ಅವರು ಬೆಳಗಿನ ಹೊತ್ತಿನಲ್ಲಿ ಫೋನಿನಲ್ಲೇ ಕೇಳಿಸಿಕೊಳ್ಳಬೇಕು. ಸಿಡ್ನಿಯವರಿಗೆ ಜನವರಿ 1ರ ಬೆಳಗಿನ ಜಾವ 3:52. ಅವರ ಅಲಾರಂ ಇಡುವ ಕೆಲಸ ಮನೆಯ ಮಗುವಿಗೆ ವಹಿಸಿ.